ಲಾವಂಚದ ಬೇರು

ಮಳೆ ಬಂದಾಗಲೆಲ್ಲ ಇಳಿಜಾರಿನ ಹೊಲಗಳ ಮಣ್ಣು ಕೊಚ್ಚಿಹೋಗಿ, ಊರು ಕುಡಿಯುವ ಕೆರೆಯ ನೀರು ಕೆಂಪಾಗುತ್ತಿತ್ತು. ಬದುವಿನ ಮೇಲೆ ಲಾವಂಚದ ಹುಲ್ಲು ನೆಡಿ ಎಂದು ಗಂಗಕ್ಕ ಮೂರು ವರ್ಷದಿಂದ ಮನೆಮನೆ ಅಲೆದಿದ್ದಳು. ಒಪ್ಪದೆ ಉಳಿದವನು ಜುಂಜಪ್ಪ ಒಬ್ಬನೇ. "ನಿನ್ ಕೆರೆಗೋಸ್ಕರ ನನ್ ಹೊಲ ಯಾಕಕ್ಕ ಬಿಡ್ಲಿ?" ಎಂದು ನಗುತ್ತಿದ್ದ.

ಇವತ್ತು ಬೆಳಗ್ಗೆ ಅವನೇ ಬಾಗಿಲಿಗೆ ಬಂದು ನಿಂತಿದ್ದ.

"ಅಕ್ಕ, ಆ ಹುಲ್ಲಿನ ಸಸಿ ಐತಾ?"

ಗಂಗಕ್ಕನಿಗೆ ನಗು ತಡೆಯಲಾಗಲಿಲ್ಲ. "ಏನಪ್ಪಾ, ಕೊನೆಗೂ ಕೆರೆ ಮೇಲೆ ಕನಿಕರ ಬಂತಾ?"

ಅವನು ನಗಲಿಲ್ಲ. "ಬೇರು ಎಷ್ಟು ಆಳ ಹೋಗ್ತೈತೆ?"

"ಆಳುದ್ದ. ಹಿಡಿದ ಮಣ್ಣು ಬಿಡಲ್ಲ."

ಅವಳು ಖುಷಿಯಿಂದ ಎರಡು ಕಟ್ಟು ಸಸಿ ಹೊತ್ತು ಅವನ ಹಿಂದೆ ನಡೆದಳು. ಬದುವಿನ ಬಳಿ ಅವನು ನಿಲ್ಲಲೇ ಇಲ್ಲ. ಹೊಲದ ಕೆಳಮೂಲೆಯ ಹೊಂಗೆ ಮರದಡಿ ಅವನ ಹೆಂಡತಿ ಸೆರಗಿನಲ್ಲಿ ಮಣ್ಣು ತುಂಬಿ ತಂದು ಒಂದೇ ಕಡೆ ಸುರಿಯುತ್ತಿದ್ದಳು.

"ಮೊದ್ಲು ಇಲ್ಲಿ ಒತ್ತೊತ್ತಾಗಿ ನೆಡಕ್ಕ," ಎಂದ ಜುಂಜಪ್ಪ. "ನಿನ್ನೆ ಮಳೆಗೆ ಮಣ್ಣೆಲ್ಲ ಹೋಗಿ, ಹೂತಿಟ್ಟ ನಮ್ ಕೂಸಿನ ಕರಿಬಳೆ ಮೇಲೆ ಬಂದವೆ."