ಕಾರು ದೊರೆಯ ಗೋರಿ

ಗುದ್ದಲಿ ನೆಲಕ್ಕೆ ಬೀಳುವ ಮೊದಲೇ ಮಲ್ಲಿ ಗೋರಿಯ ಮೇಲೆ ಅಡ್ಡ ಮಲಗಿಬಿಟ್ಟಳು.

ಕೂಲಿಯಾಳುಗಳು ಹಿಂದೆ ಸರಿದರು. ಬಿಳಿಯರ ಮಸಣದ ಕಾವಲುಗಾರ ಮಹಾಲಿಂಗಂ ಹಣೆ ಚಚ್ಚಿಕೊಂಡ.

“ಏಳು ಮಲ್ಲಕ್ಕಾ. ವಾರವಾರ ಬಂದು ಕಲ್ಲಿಗೆ ಹಾಲು ಹೊಯ್ದೆ, ನಾನೂ ಕಣ್ಣು ಮುಚ್ಚಿಕೊಂಡೆ. ಇವತ್ತು ಪೆಟ್ಟಿಗೆ ಎತ್ತಲೇಬೇಕು. ರೈಲಿನಲ್ಲಿ ಬೆಟ್ಟ ಇಳಿದು ಹಡಗು ಹತ್ತುತ್ತದೆ. ನಿನಗ್ಯಾಕೆ ಈ ಸಂಕಟ? ನಿನಗಿದ್ದ ಒಬ್ಬ ಮಗನನ್ನೂ ನುಂಗಿದ ದೊರೆಯಲ್ಲವಾ ಅವನು?”

“ದೊರೆಯನ್ನ ಬೈಯಬೇಡ,” ಎಂದಳು ಮಲ್ಲಿ. “ಬಾಳ ಒಳ್ಳೆಯವನು.”

ದೊರೆಯ ಹೆಸರು ಎಡ್ಮಂಡ್ ಹ್ಯಾಲ್ವರ್ಡ್. ಇಂಗ್ಲೆಂಡಿನಲ್ಲಿ ಅವನ ತಾತ ಸಾರೋಟು ಮಾಡಿದ, ಅಪ್ಪ ಮೋಟಾರು ಕಾರು ಮಾಡಿದ. ಮುಂದೆ ಕಾರ್ಖಾನೆಯೆಲ್ಲ ಇವನದೇ. ಇಪ್ಪತ್ತನಾಲ್ಕರ ಹುಡುಗ ಎಂಜಿನಿಯರಿಂಗ್ ಓದು ಮುಗಿಸಿ, ಹೊಸ ಕಾರಿನ ಬ್ರೇಕನ್ನು ಬೆಟ್ಟದ ರಸ್ತೆಯಲ್ಲಿ ಪರೀಕ್ಷಿಸಲು ಊಟಿಯ ಬಳಿಯ ಕೆತ್ತಿ ಎಂಬ ಊರಿಗೆ ಬಂದಿದ್ದ. ದೊಡ್ಡ ಬಂಗಲೆ, ಉದ್ದನೆಯ ಮೇಜು, ಒಂದೇ ತಟ್ಟೆ. ಊಟಿಯ ಕ್ಲಬ್ಬಿಗೆ ಹೋಗುವವನಲ್ಲ. ಹಾಲು ತಂದ ಮಲ್ಲಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಅವಳಿಗೆ ತಿಳಿಯದ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಇಬ್ಬರಿಗೂ ಅಷ್ಟು ಸಾಕಾಗಿತ್ತು. ಅವಳ ಮಗ ನಂಜುಂಡನ್‌ಗೆ ಆಗ ಇಪ್ಪತ್ತು. ಕಾರು ತೊಳೆಯಲು ಸೇರಿದವನು ಬರುಬರುತ್ತಾ ದೊರೆಯ ಪಕ್ಕದಲ್ಲಿ ಕೂರುವ ಗೆಳೆಯನಾದ.

ಮಂಜು ಕವಿದ ಒಂದು ಬೆಳಿಗ್ಗೆ ಇಬ್ಬರೂ ಹೊರಟರು. ಹೊಲದಲ್ಲಿದ್ದ ಅವ್ವೆಯನ್ನು ಕಂಡು ನಂಜುಂಡನ್ ಕಾರಿನ ಬಾಗಿಲ ಮೇಲಿಂದ ಕಾಲೆತ್ತಿ ಏನೋ ತೋರಿಸಿದ. ಮಂಜಿನಲ್ಲಿ ಅವಳಿಗೆ ಅದೇನೆಂದು ಕಾಣಲಿಲ್ಲ, ಅವನ ನಗು ಮಾತ್ರ ಕೇಳಿಸಿತು. ಕೆಳಗಿನ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕಣಿವೆಗೆ ಉರುಳಿದ ಕಾರು ಹೊತ್ತಿಕೊಂಡು ಉರಿಯಿತು. ಮುಖಗಳು ಉಳಿದಿರಲಿಲ್ಲ. ಬಿಳಿಯರು ಬೂಟು ನೋಡಿ ತಮ್ಮವನನ್ನು ಗುರುತಿಸಿ ಪೆಟ್ಟಿಗೆಯಲ್ಲಿಟ್ಟು ಹೂಳಿದರು. ಇನ್ನೊಬ್ಬನನ್ನು ಹಟ್ಟಿಯವರು ಹೊತ್ತು ತಂದು ಚಿತೆಗಿಟ್ಟರು.

ವರ್ಷ ಕಳೆದ ಮೇಲೆ ದೊರೆಯ ತಾಯಿ ಬಂದಿದ್ದಳು, ಮಗನನ್ನು ಕರೆದೊಯ್ಯಲು.

ಕಪ್ಪು ಉಡುಪಿನ ಆ ಹೆಂಗಸು ಪಾದ್ರಿಯ ಜೊತೆ ನಿಧಾನವಾಗಿ ನಡೆದು ಬಂದಳು. ಕೈತುಂಬ ಬಿಳಿ ಹೂ. ಮಲ್ಲಿ ಎದ್ದು ಮಣ್ಣು ಕೊಡವಿಕೊಂಡು ಕೈಮುಗಿದಳು. ಗೋರಿಯ ಪಕ್ಕದಿಂದ ಮಾತ್ರ ಕದಲಲಿಲ್ಲ.

“ಹಾಲು ತರುತ್ತಿದ್ದವಳು ನೀನೇ ಏನು ಎಂದು ಕೇಳುತ್ತಾರೆ,” ಎಂದ ಪಾದ್ರಿ. ಅವನಿಗೆ ಹಟ್ಟಿಯ ಮಾತು ಬರುತ್ತಿತ್ತು. “ಇಲ್ಲಿ ತಮ್ಮ ಮಗನಿಗಾಗಿ ಅತ್ತವರು ಯಾರಾದರೂ ಇದ್ದರೇ ಎನ್ನುತ್ತಾರೆ.”

“ಎಮ್ಮ ಹಟ್ಟಿಗೆ ಹಟ್ಟಿಯೇ ಅತ್ತಿತು ಅಂತ ಹೇಳಿ ಸಾಮಿ. ಕಡೆಗೆ ಆಗಬೇಕಾದ್ದು ಒಂದೂ ಕಡಿಮೆ ಮಾಡಲಿಲ್ಲ.”

ಆ ತಾಯಿ ಕಲ್ಲಿನ ಮೇಲಿನ ಹೆಸರನ್ನು ಬೆರಳಿನಿಂದ ಸವರಿದಳು. ಕಣ್ಣಲ್ಲಿ ನೀರಿರಲಿಲ್ಲ. ತನಗೆ ತಾನೇ ಎಂಬಂತೆ ಏನೋ ಹೇಳಿಕೊಂಡಳು.

“ಮಗು ಆಗಿದ್ದಾಗ ಕಾರ್ಖಾನೆಯಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದನಂತೆ,” ಎಂದ ಪಾದ್ರಿ. “ಯಂತ್ರ ಅಂಗಾಲಿನ ಹತ್ತಿರ ಮಾತಾಡುತ್ತದೆ ಎನ್ನುತ್ತಿದ್ದನಂತೆ. ಅಪ್ಪ ಎಷ್ಟು ಗದರಿದರೂ ಆ ಚಾಳಿ ಬಿಡಲಿಲ್ಲವಂತೆ.”

“ಬಿಡಲಿಲ್ಲ,” ಎಂದಳು ಮಲ್ಲಿ. ತಲೆ ತಗ್ಗಿಸಿದಳು. ಆಮೇಲೆ ಸೆರಗು ಒಡ್ಡಿದಳು. “ಇವನನ್ನ ಇಲ್ಲೇ ಬಿಡಿ ತಾಯಿ. ಅಷ್ಟು ದೂರ, ಕಡಲಾಚೆ... ಅಲ್ಲಿ ಯಾರ ಮಾತು ಇವನಿಗೆ ತಿಳಿದೀತು?”

ಪಾದ್ರಿ ನಕ್ಕ. “ಅದು ಅವನ ಊರೇ ಅಲ್ಲವೇನಮ್ಮಾ.”

ಆ ತಾಯಿ ನಗಲಿಲ್ಲ. ಮಲ್ಲಿಯನ್ನೇ ನೋಡುತ್ತಾ ಕೇಳಿದಳು, ನಿನ್ನ ಮಗ ಎಲ್ಲಿದ್ದಾನೆ?

ಮಲ್ಲಿ ಒಡ್ಡಿದ್ದ ಸೆರಗನ್ನು ಹೆಗಲಿಗೆ ಎಳೆದುಕೊಂಡಳು. “ಬನ್ನಿ,” ಎಂದಳು.

ಹಟ್ಟಿಯ ಕೆಳಗೆ, ಹಳ್ಳದ ಪಕ್ಕದಲ್ಲಿ, ಸುಡುವ ನೆಲ. ಕಲ್ಲಿಲ್ಲ, ಹೆಸರಿಲ್ಲ. ಹೊಸ ಹುಲ್ಲು ಮಾತ್ರ.

“ಇಲ್ಲಿ ಸುಟ್ಟೆವು. ತುಪ್ಪದಲ್ಲಿ ಅದ್ದಿದ ಚಿನ್ನದ ಹಣವನ್ನ ಎನ್ನ ಕೈಯಾರೆ ಬಾಯಿಗಿಟ್ಟೆ, ದಾರಿಗಾಗಲಿ ಅಂತ. ಹಿರಿಯರು ಪಾಪಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಎಲ್ಲ ಕಳೆದು ಬಸವನ ಪಾದ ಸೇರಲಿ ಅಂತ ಹಟ್ಟಿಯೆಲ್ಲ ಬೇಡಿತು.” ಮಲ್ಲಿಯ ದನಿ ಇಳಿಯಿತು. “ಆ ಹೂ ಇಲ್ಲಿಡಿ ತಾಯಿ. ಎಲ್ಲವನ್ನೂ ಇಡಿ.”

ಪಾದ್ರಿ ಹುಬ್ಬೇರಿಸಿದ. ಆ ತಾಯಿ ಮಾತ್ರ ಕೈಗವಸು ಬಿಚ್ಚಿ, ಮೊಣಕಾಲೂರಿ, ಹೂಗಳನ್ನೆಲ್ಲ ಹುಲ್ಲಿನ ಮೇಲೆ ಇಟ್ಟಳು.

“ಎಷ್ಟು ವಯಸ್ಸಾಗಿತ್ತು ಎಂದು ಕೇಳುತ್ತಾರೆ.”

“ಇಪ್ಪತ್ತನಾಲ್ಕು.”

“ತಮ್ಮ ಮಗನಿಗೂ ಅಷ್ಟೇ ಆಗಿತ್ತಂತೆ.”

“ಹೌದು,” ಎಂದಳು ಮಲ್ಲಿ.

ಗೋರಿಯ ಮುಂದೆ ಬಾರದ ಅಳು ಆ ತಾಯಿಗೆ ಅಲ್ಲಿ ಬಂತು. ಹಸಿ ಹುಲ್ಲನ್ನು ಅಂಗೈಯಿಂದ ತಡವುತ್ತಾ, ಪರಭಾಷೆಯಲ್ಲಿ ಜೋಗುಳದಂತಹ ಏನನ್ನೋ ಹೇಳುತ್ತಾ ಬಹಳ ಹೊತ್ತು ಅತ್ತಳು. ಮಲ್ಲಿ ದೂರ ನಿಂತಳು. ಇನ್ನೊಬ್ಬ ತಾಯಿಯ ಜಾಗದಲ್ಲಿ ನಿಲ್ಲಬಾರದು ಎಂಬಂತೆ.

ಎದ್ದಾಗ ಆ ಹೆಂಗಸಿನ ಮುಖ ಹಗುರಾಗಿತ್ತು. ಪಾದ್ರಿಗೆ ಎರಡೇ ಮಾತು ಹೇಳಿದಳು. ಅಗೆಯುವುದು ಬೇಡ. ನನ್ನ ಮಗ ಈ ಬೆಟ್ಟದಲ್ಲೇ ಇರಲಿ.

ಸಂಜೆ ರೈಲು ಕೂಗಿಕೊಂಡು ಇಳಿದುಹೋಯಿತು. ಕೂಲಿಯಾಳುಗಳು ಗುದ್ದಲಿ ಹೊತ್ತು ನಡೆದರು. ಮಹಾಲಿಂಗಂ ಮಸಣದ ಬಾಗಿಲು ಮುಚ್ಚದೆ, ಗೊಣಗುತ್ತಾ ಆಚೆ ಹೋದ.

ಮಲ್ಲಿ ಒಬ್ಬಳೇ ಉಳಿದಳು. ಆ ಬೆಳಿಗ್ಗೆ ಮಂಜಿನಲ್ಲಿ ಮಗ ಕಾಲೆತ್ತಿ ತೋರಿಸಿದ್ದು ಏನೆಂದು ಅವಳಿಗೆ ಹೊಳೆದದ್ದು ಹಟ್ಟಿಯ ಚಿತೆ ಆರಿದ ಮೇಲೆ. ಬೂದಿಯಾದ ಮೇಲೆ ಯಾರಿಗೆ ಹೇಳುವುದು, ಏನೆಂದು ಹೇಳುವುದು? ದೇವರೊಬ್ಬನಿಗೆ ಹೇಳಿಕೊಂಡಿದ್ದಳು. ತಂದಿದ್ದ ಚೊಂಬಿನ ಹಾಲನ್ನು ಕಲ್ಲಿಗೆ ಹೊಯ್ದು, ಗೋರಿಯ ಕಾಲಿನ ಕಡೆ ಕೂತು, ಮಣ್ಣನ್ನು ಮೆಲ್ಲಗೆ ನೀವಿದಳು.

“ನಂಜುಂಡಾ,” ಎಂದಳು, “ದೊರೆಯ ಬೂಟು ಇನ್ನೂ ಕಚ್ಚುತ್ತದೆಯಾ, ಮಗಾ?”