ಬಾಳಿಕೆ ಬಾರದ ಬಂಗಾರ

ಪೇದೆ ತಿರಕಪ್ಪನ ಬಣ್ಣ ನೌಕರಿ ಸೇರಿದಾಗಿನಿಂದಲೂ ಬೂದಿ. ಅವನಿಗಿಂತ ಕುಳ್ಳಗಿದ್ದವರಿಗೂ ಮೇಲಿನಿಂದ ನೋಡಿದ ಹಾಗೆ ಅವನ ಟೋಪಿಯಷ್ಟೇ ಕಾಣುತ್ತಿತ್ತು. ಊರಿನಲ್ಲಿ ಎಲ್ಲರೂ ಸಿನಿಮಾದವರಂತೆ ಸ್ವಭಾವಕ್ಕೆ ತಕ್ಕ ಬಣ್ಣದಲ್ಲಿ, ಗತ್ತಿಗೆ ತಕ್ಕ ಕೋನದಲ್ಲಿ ಕಾಣುವುದು ಮಾಮೂಲಾದ್ದರಿಂದ ಅವನಿಗೇನೂ ಬೇಸರವಿರಲಿಲ್ಲ.

ಆದರೆ ಕಳ್ಳ ಫಕ್ಕೀರಪ್ಪ ಈ ಸಲ ತಿರಕಪ್ಪನ ಮನೆಯ ಕುಕ್ಕರನ್ನೇ ಎತ್ತಿದ್ದ. "ಕುಕ್ಕರ್ ಇಲ್ದ ಮನೀಗೆ ಬರಬ್ಯಾಡ್ರಿ" ಎಂದು ಹೆಂಡತಿ ಕಲ್ಲವ್ವ ಹೇಳಿ ಕಳಿಸಿದ್ದಳು.

ಹಿಡಿದು ತಂದು ಠಾಣೆಯಲ್ಲಿ ಕೂರಿಸಿದ್ದೇ ತಡ, ಫಕ್ಕೀರಪ್ಪನ ಕೆಸರುಗಂದು ಬಣ್ಣ ಎಂದಿನಂತೆ ಬಂಗಾರಕ್ಕೆ ತಿರುಗಿತು. ಕಣ್ಣೀರು ಸ್ಲೋ ಮೋಷನ್‌ನಲ್ಲಿ ಇಳಿಯತೊಡಗಿತು. ಎಲ್ಲಿಂದಲೋ ಪಿಟೀಲು ಕೇಳಿಸಿತು. ಇನ್‌ಸ್ಪೆಕ್ಟರು ಮೂಗು ಒರೆಸಿಕೊಂಡು, "ಪಾಪ, ಬದಲಾಗಿದ್ದಾನೆ, ಬಿಟ್ಟುಬಿಡಿ" ಎಂದರು.

"ಪಶ್ಚಾತ್ತಾಪ ಖರೇನ ಐತ್ರಿ ಸಾಹೇಬ್ರ. ಆದ್ರ ಗೇಟು ದಾಟಿದ ಮ್ಯಾಲ ಬಾಳಿಕಿ ಬರಂಗಿಲ್ಲ" ಎಂದ ತಿರಕಪ್ಪ. ಸಾಹೇಬರಿಗೆ ಅವನು ಎದುರಾಡಿದ್ದು ಅದೇ ಮೊದಲು. ಫಕ್ಕೀರಪ್ಪನ ಕಡೆ ತಿರುಗಿ, "ಬಂಗಾರ ಇಳಿಯೂದ್ರಾಗ ಹೇಳಲೇ, ಕುಕ್ಕರ್ ಎಲ್ಲೈತಿ?" ಎಂದು ಗುಡುಗಿದ.

ಗುಡುಗುತ್ತಿದ್ದಂತೆ ಅವನ ಬೂದಿಯೆಲ್ಲ ಕೆಂಡದ ಕೆಂಪಾಯಿತು. ಅವನನ್ನು ಕತ್ತೆತ್ತಿ ನೋಡಬೇಕಾಗಿ ಬಂದ ಇನ್‌ಸ್ಪೆಕ್ಟರು ತಮಗೇ ತಿಳಿಯದೆ ಎದ್ದು ಸೆಲ್ಯೂಟ್ ಹೊಡೆದರು. ಫಕ್ಕೀರಪ್ಪ ಗುಜರಿ ಅಂಗಡಿಯೊಂದರ ಹೆಸರು ಹೇಳಿದ.

ಸಂಜೆ ತಿರಕಪ್ಪ ಕುಕ್ಕರ್ ಹಿಡಿದು ಮನೆಗೆ ಬಂದ. ಬಾಗಿಲು ತೆರೆದ ಕಲ್ಲವ್ವ, ಕೆಂಪಗೆ ಧಗಧಗಿಸುತ್ತಾ ಮುಗಿಲೆತ್ತರ ನಿಂತವನನ್ನು ಕಂಡು ಸೆರಗು ತಲೆಗೆ ಎಳೆದುಕೊಂಡಳು.

"ನಮ್ಮನಿಯವರು ಠಾಣೇದಾಗ ಅದಾರ್ರೀ ಸಾಹೇಬ್ರ" ಎಂದಳು. "ಕುಕ್ಕರ್ ಇಲ್ಲೇ ಇಟ್ಟು ಹೋಗ್ರಿ."