ಹಂಬಲದ ಟಿಕೆಟ್ಟು

ರೈಲಿನ ದರವನ್ನು ದೂರ ನೋಡದೆ ಮನಸ್ಸಿನ ಹಂಬಲ ನೋಡಿ ಹಾಕತೊಡಗಿದ ಮೇಲೆ ರಾಯಚೂರು ಸ್ಟೇಷನ್ನಿನ ಸಾಲಿನಲ್ಲಿ ಎಲ್ಲರೂ ಮಗ್ಗಿ ಹೇಳುತ್ತಿದ್ದರು. ಮನಸ್ಸು ತಣ್ಣಗಿದ್ದರೆ, ಟಿಕೆಟ್ ಕಿಟಕಿಯ ಗಾಜಿನ ಮೇಲೆ ಅಂಗೈ ಇಟ್ಟಾಗ ದರ ಇಳಿಯುತ್ತಿತ್ತು. ಹೆತ್ತವರ ಹೆಣ ನೋಡಲು ಹೊರಟವರನ್ನು ಮಾತ್ರ ಯಾವ ಮಗ್ಗಿಯೂ ಕಾಯುತ್ತಿರಲಿಲ್ಲ. ಅವರನ್ನು ಸುಲಿದೇ ಕಳಿಸುತ್ತಿದ್ದರು.

ಶರಣಮ್ಮನ ಗಂಡ ಮಾರೆಪ್ಪ ಕೆಲಸದ ಊರಿನಿಂದ ವಾರವಾರವೂ ಹನ್ನೆರಡೇ ರೂಪಾಯಿಗೆ ಮನೆಗೆ ಬರುತ್ತಿದ್ದ. ‘ನಮ್ಮನಿಯವರು ಭಾಳ ಶಾಣ್ಯಾರು’ ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಇಂದು ಅವನು ಯಾದಗಿರಿಗೆ ಹೊರಟಿದ್ದ; ಕಳಿಸಲು ಬಂದ ಶರಣಮ್ಮನೂ ಸಾಲಿನಲ್ಲಿ ಪಕ್ಕದಲ್ಲೇ ನಿಂತಿದ್ದಳು. ‘ಹೊಲದ ಸರ್ವೇ ಅದ, ಬ್ಯಾಸರದ ಕೆಲಸ’ ಎಂದವನು ಹದಿಮೂರರ ಮಗ್ಗಿ ಹೇಳುತ್ತಲೇ ಕೈ ಇಟ್ಟ. ದರ ಒಂಬೈನೂರು ಬಂತು.

‘ಮಷೀನ್ ಕೆಟ್ಟದ’ ಎಂದ ಮಾರೆಪ್ಪ, ಹಣೆಯ ಬೆವರು ಒರೆಸಿಕೊಳ್ಳುತ್ತ.

ಶರಣಮ್ಮ ಲೆಕ್ಕ ಹಾಕಿದಳು. ತನಗೆ ಹನ್ನೆರಡು, ಅಲ್ಲಿರುವ ಯಾವಳಿಗೋ ಒಂಬೈನೂರು! ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ಅಂಗೈ ಊರಿದಳು.

‘ಯಾದಗಿರಿಗೆ ನನಗೂ ಒಂದು ಕೊಡ್ರಿ.’

ಅಂಕಿ ಸಾವಿರ ದಾಟಿ ಏರುತ್ತಲೇ ಹೋಯಿತು. ‘ಮಗ್ಗಿ ಹೇಳ್ರಿ ಯಕ್ಕಾ!’ ಎಂದು ಕ್ಲರ್ಕ್ ಗಾಬರಿಯಾದ.

‘ಏರಲಿ ಬಿಡು ಯಣ್ಣಾ’ ಎಂದಳು ಶರಣಮ್ಮ, ಕೈ ತೆಗೆಯದೆ. ‘ರೊಕ್ಕ ನಮ್ಮ ಶಾಣ್ಯಾರು ಕೊಡ್ತಾರ.’